ಅಜ್ಜಿಯ ಕೈ ಏನು ಮಾಡಿತು

ಟಿನ್ ಫ್ಯಾಕ್ಟರಿಯ ಹಿಂದೆ ಇರುವ ಒಂದು ಖಾಸಗಿ ಶಾಲೆಯಲ್ಲಿ ನಾನು ಐದನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಆ ವರ್ಷ ಅಜ್ಜಿ-ತಾತಂದಿರ ದಿನ ಮಾಡಬೇಕೆಂದು ಆಡಳಿತದವರಿಗೆ ಹೊಳೆಯಿತು. ಒಂದು ಬೆಳಿಗ್ಗೆ ನಮ್ಮ ಕೋಆರ್ಡಿನೇಟರ್ ಸ್ಟಾಫ್ ರೂಮಿಗೆ ಬಂದು ನನ್ನ ಮೇಜಿನ ಮೇಲೆ ಚಿತ್ರಪುಸ್ತಕಗಳ ಕಟ್ಟೊಂದನ್ನು ಇಟ್ಟರು. ಎಲ್ಲವೂ ಅಜ್ಜಿ-ತಾತಂದಿರ ಕತೆಗಳೇ.

"ಇವನ್ನ ಓದಿ ತೋರ್ಸಿ, ಮಕ್ಕಳ ಕೈಲಿ ಅವರವರ ಸ್ವಂತ ಅನುಭವ ಒಂದೊಂದು ಪುಟ ಬರೆಸಿ ಮಿಸ್. ಚೆನ್ನಾಗಿರೋದನ್ನ ಸ್ಟೇಜ್ ಮೇಲೆ ಓದ್ಸೋಣ. ಬಂದಿರೋ ಹಿರಿಯರು ಕಣ್ಣೀರು ಹಾಕ್ಬೇಕು, ಹಾಗಿರ್ಬೇಕು," ಎಂದರು.

ಹಲಸೂರಿನ ನನ್ನ ಮನೆಗೆ ಹೋಗುವ ಮೆಟ್ರೋದಲ್ಲಿ ನಿಂತುಕೊಂಡೇ ಅರ್ಧ ಪುಸ್ತಕಗಳನ್ನು ಓದಿ ಮುಗಿಸಿದೆ. ಒಂದರಲ್ಲಿ ತಾತ ಮೊಮ್ಮಗನಿಗೆ ಗಾಳಿಪಟಕ್ಕೆ ಸೂತ್ರ ಕಟ್ಟುವುದನ್ನು ಕಲಿಸುತ್ತಾನೆ. ಇನ್ನೊಂದರಲ್ಲಿ ಅಜ್ಜಿ ಹಳೇ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಾಳೆ. ಮತ್ತೊಂದರಲ್ಲಿ ಮರೆವು ಹತ್ತಿದ ಅಜ್ಜಿಗೆ ಮೊಮ್ಮಗಳು ದಿನವೂ ತನ್ನ ಹೆಸರನ್ನು ಹೊಸದಾಗಿ ಹೇಳುತ್ತಾಳೆ. ಎಲ್ಲ ಅಜ್ಜಿಯರ ಕೂದಲೂ ಹತ್ತಿಯ ಹಾಗೆ ಬೆಳ್ಳಗೆ, ಎಲ್ಲ ತಾತಂದಿರ ಕೆನ್ನೆಯೂ ಕೆಂಪಗೆ. ಯಾರ ಕಾಲೂ ಊದಿಲ್ಲ. ಯಾರೂ ಸೊಸೆಯನ್ನು ಬೈಯುವುದಿಲ್ಲ. ಯಾರ ಹಾಸಿಗೆಯೂ ನಾರುವುದಿಲ್ಲ.

ಹಾಗೆಂದು ಆ ಪುಸ್ತಕಗಳನ್ನು ನಾನು ಹಗುರವಾಗಿ ನೋಡಲಿಲ್ಲ. ಅವುಗಳಲ್ಲಿ ಒಂದು ಒಳ್ಳೆಯ ಗುಣವಿತ್ತು. ಅಜ್ಜಿಗೆ ಪ್ರೀತಿ ಇತ್ತು ಎಂದು ಯಾವ ಪುಸ್ತಕವೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸೂಜಿ ಚುಚ್ಚಿದ ಬೆರಳನ್ನು ಅಜ್ಜಿ ಬಾಯಿಗೆ ಇಟ್ಟುಕೊಳ್ಳುವುದನ್ನು ತೋರಿಸುತ್ತಿದ್ದವು, ಅಷ್ಟೆ. ನಮ್ಮ ಮಕ್ಕಳಾದರೋ ಪ್ರಬಂಧ ಎಂದರೆ "ನನ್ನ ಅಜ್ಜಿ ನನಗೆ ತುಂಬಾ ಇಷ್ಟ, ಅವರು ಮಮತೆಯ ಖನಿ" ಎಂದು ಗೈಡಿನಿಂದ ಇಳಿಸುವವರು. ಆ ಚಟ ಬಿಡಿಸಲು ಇದೇ ಸಮಯ ಎಂದುಕೊಂಡೆ.

ಮರುದಿನ ಬೆಂಚುಗಳನ್ನು ಸರಿಸಿ ಮಕ್ಕಳನ್ನು ನೆಲದ ಮೇಲೆ ಕೂರಿಸಿ ಕೌದಿಯ ಕತೆ ಓದಿದೆ. ಓದಿದ ಮೇಲೆ ಕೇಳಿದೆ: "ಈ ಹುಡುಗಿ ತನ್ನ ಅಜ್ಜಿ ಒಳ್ಳೆಯವಳು ಅಂತ ಎಲ್ಲಾದ್ರೂ ಹೇಳಿದಾಳಾ?"

"ಇಲ್ಲ ಮಿಸ್."

"ಮತ್ತೆ ನಿಮಗೆ ಹೇಗೆ ಗೊತ್ತಾಯ್ತು?"

ಹಿಂದೆ ಕುಳಿತಿದ್ದ ಒಬ್ಬಳು ಹೇಳಿದಳು: "ಅಜ್ಜಿ ಕೈ ಏನ್ ಮಾಡ್ತು ಅಂತ ಬರ್ದಿದಾರೆ ಮಿಸ್. ಅದ್ರಿಂದ ಗೊತ್ತಾಯ್ತು."

ಸರಿಯಾಗಿ ಹೇಳಿದಳು ಎಂದು ನಾನು ಅದನ್ನೇ ಬೋರ್ಡಿನ ಮೇಲೆ ಬರೆದೆ. ನಿಮ್ಮ ಅಜ್ಜಿ ಎಂಥವಳು ಎಂದು ಬರೆಯಬೇಡಿ, ಅವಳ ಕೈ ಏನು ಮಾಡಿತು ಅದನ್ನು ಬರೆಯಿರಿ ಎಂದೆ. ಕಣ್ಣಾರೆ ನೋಡಿದ್ದನ್ನು ಮಾತ್ರ ಬರೆಯಿರಿ ಎಂದೆ. ಉದಾಹರಣೆಗೆ ನನ್ನ ಅಜ್ಜಿಯನ್ನೇ ಎಳೆದು ತಂದೆ. ಹಲಸೂರಿನ ನಮ್ಮ ಮನೆಯ ಹೊಸಿಲ ಮೇಲೆ ಕೂತು ಅವಳು ನನಗೆ ಜಡೆ ಹಾಕುತ್ತಿದ್ದಳು. ತಲೆ ಅಲ್ಲಾಡಿಸಿದರೆ ಬಾಚಣಿಗೆಯ ಬೆನ್ನಿನಿಂದ ನೆತ್ತಿಗೆ ಟಕ್ಕೆಂದು ಹೊಡೆಯುತ್ತಿದ್ದಳು. ಹೊಡೆದ ಜಾಗಕ್ಕೆ ಅದೇ ಕೈಯಿಂದ ಎಣ್ಣೆ ತಿಕ್ಕುತ್ತಿದ್ದಳು. ಮಕ್ಕಳು ನಕ್ಕರು. ಮಿಸ್ಸನ್ನೂ ಯಾರೋ ಹೊಡೆದಿದ್ದರು ಎಂಬುದು ಅವರಿಗೆ ತುಂಬಾ ಹಿಡಿಸಿತು.

ಬರವಣಿಗೆ ಚೆನ್ನಾಗಿಯೇ ಬಂತು. ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡುವ ತಾತನ ಬಗ್ಗೆ ಒಬ್ಬ ಬರೆದ. ತಾನು ಊಟದ ಡಬ್ಬಿ ಕೊಡಲು ಹೋದರೆ ತಾತ ಎದ್ದು ನಿಂತು ತನಗೆ ಸೆಲ್ಯೂಟ್ ಹೊಡೆಯುತ್ತಾನೆ, ಕಾರಿನವರು ಬಂದರೆ ತನ್ನನ್ನು ಕಾವಲು ಗೂಡಿನ ಹಿಂದೆ ತಳ್ಳುತ್ತಾನೆ ಎಂದು. ಶಿವಾಜಿನಗರದಲ್ಲಿರುವ ನಾನಿ ರೊಟ್ಟಿ ಮಾಡುವಾಗ ಮೊದಲನೆಯದನ್ನು ಬೆಕ್ಕಿಗೆ ಹಾಕುತ್ತಾಳೆ, ಎರಡನೆಯದನ್ನು ಮಾಮಾಗೆ, ಕೊನೆಯದನ್ನು ತಾನು ತಿನ್ನುತ್ತಾಳೆ ಎಂದು ಒಬ್ಬಳು ಬರೆದಳು. ಗೈಡಿನ ವಾಸನೆ ಎಲ್ಲೂ ಇರಲಿಲ್ಲ. ನನಗೆ ಹೆಮ್ಮೆಯೇ ಆಯಿತು.

ಅಜ್ಜಿಯ ಕೈಯ ವಿಷಯ ಹೇಳಿದ ಆ ಹುಡುಗಿ ಕೊನೆಯಲ್ಲಿ ಎದ್ದು ನಿಂತಳು. ಉದ್ದನೆಯ, ಸಣಕಲು ಹುಡುಗಿ. ಯಾವಾಗಲೂ ಬೆರಳ ತುದಿಯ ಚರ್ಮ ಕಚ್ಚುತ್ತಿರುತ್ತಿದ್ದಳು. ಮಾತು ಕಡಿಮೆ, ಅಕ್ಷರ ಮುತ್ತು. ನಮ್ಮ ಶಾಲೆ ನಿಂತಿರುವ ಜಾಗವೇ ಅವಳ ಮನೆತನದ್ದು. ಹಿಂದೆ ಇಲ್ಲೆಲ್ಲ ಅವರು ರಾಗಿ ಬೆಳೆಯುತ್ತಿದ್ದರಂತೆ. ಈಗ ಆ ಬೀದಿಯ ಮುಕ್ಕಾಲು ಪಾಲು ಬಾಡಿಗೆ ಮನೆಗಳು, ಪಿ.ಜಿ.ಗಳು ಅವರವೇ. ಹುಡುಗಿ ಹಾಳೆ ಹಿಡಿದು ಒಂದೇ ದನಿಯಲ್ಲಿ ಓದಿದಳು.

"ನಮ್ಮ ತಾತನಿಗೆ ಲಕ್ವ ಹೊಡೆದಿದೆ. ಬಲಗೈ, ಬಲಗಾಲು ಆಡುವುದಿಲ್ಲ. ಮಾತು ಬರುವುದಿಲ್ಲ. ಆ ಅಂತ ಮಾತ್ರ ಬರುತ್ತದೆ. ಬೆಳಿಗ್ಗೆ ಅಜ್ಜಿ ತಾತನಿಗೆ ಕಾಫಿ ತರುತ್ತಾಳೆ. ಲೋಟವನ್ನು ತಾತನ ಬಲಗಡೆ ಇಡುತ್ತಾಳೆ. ತಾತ ಎಡಗೈ ಚಾಚುತ್ತಾನೆ. ಎಟುಕುವುದಿಲ್ಲ. ಅಜ್ಜಿ ಕುರ್ಚಿಯಲ್ಲಿ ಕೂತು ನೋಡುತ್ತಾಳೆ. ತಾತ ಆ ಅನ್ನುತ್ತಾನೆ. ಅಜ್ಜಿ 'ಏನೋ, ಏನ್ ಬೇಕೋ?' ಅನ್ನುತ್ತಾಳೆ. ಯಾರಾದರೂ ಇದ್ದರೆ ಮಾತ್ರ 'ಏನ್ರೀ' ಅನ್ನುತ್ತಾಳೆ. ಕಾಫಿ ಆರಿದ ಮೇಲೆ ಅದನ್ನು ದಾಸವಾಳದ ಕುಂಡಕ್ಕೆ ಸುರಿಯುತ್ತಾಳೆ. ಅಜ್ಜಿ ಹೆಬ್ಬೆರಳಿನ ಉಗುರು ಕತ್ತರಿಸುವುದಿಲ್ಲ. ಆ ಉಗುರಿನಿಂದ ತಾತನ ತೊಡೆ ಒಳಗಡೆ ಚಿವುಟುತ್ತಾಳೆ. ಎಡಗಡೆ ತೊಡೆ. ಬಲಗಡೆ ತೊಡೆಗೆ ನೋವು ಗೊತ್ತಾಗುವುದಿಲ್ಲ."

'ಆ' ಎಂದಾಗಲೆಲ್ಲ ಮಕ್ಕಳು ನಗುತ್ತಿದ್ದರು. ಒಂದಿಬ್ಬರು ತಾವೂ "ಆ" ಎಂದು ಅಣಕಿಸಿದರು. ಎಡತೊಡೆಯ ಮಾತು ಬಂದ ಮೇಲೆ ನಗು ನಿಂತಿತು. ಸೆಕ್ಯೂರಿಟಿ ತಾತನ ಮೊಮ್ಮಗ ಕೇಳಿದ: "ಯಾಕ್ ಹಂಗ್ ಮಾಡ್ತಾರೆ?"

"ಅಜ್ಜಿಗೆ ಇಷ್ಟ," ಎಂದು ಹುಡುಗಿ ಕುಳಿತಳು.

ಬೆಲ್ ಹೊಡೆದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ.

"ಇದು ನಿಜಾನಾ ಪುಟ್ಟಿ?"

"ನೋಡಿದ್ದನ್ನ ಮಾತ್ರ ಬರೀರಿ ಅಂದ್ರಲ್ಲ ಮಿಸ್."

"ಮನೇಲಿ ಬೇರೆಯವರಿಗೆ ಗೊತ್ತಾ?"

"ಎಲ್ರಿಗೂ ಗೊತ್ತು. ತಾತ ಜೋರಾಗಿ ಕೂಗಿದ್ರೆ ಅಪ್ಪ ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ."

ದೂರು ಹೇಳುವ ದನಿ ಅದಾಗಿರಲಿಲ್ಲ. ಮನೆಯಲ್ಲಿ ಏನು ತಿಂಡಿ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ನನ್ನ ಕೈಗೆ ಹಾಳೆ ಕೊಟ್ಟು, "ಅಕ್ಷರ ಚೆನ್ನಾಗಿದೆಯಾ ಮಿಸ್?" ಎಂದು ಕೇಳಿದಳು. ಚೆನ್ನಾಗಿದೆ ಎಂದೆ.

ಊಟದ ಬಿಡುವು ಮುಗಿಯುವುದರೊಳಗೆ ಶಾಲೆಗೆಲ್ಲ ಸುದ್ದಿ ಹಬ್ಬಿತ್ತು. ಐದನೇ ತರಗತಿಯ ಗಂಡುಮಕ್ಕಳು ಆಟದ ಬಯಲಿನಲ್ಲಿ ಹೊಸ ಆಟ ಶುರು ಮಾಡಿದ್ದರು. ಒಬ್ಬ ಕೈಕಾಲು ಆಡದವನಂತೆ ಮಲಗುವುದು, ಉಳಿದವರು ಸುತ್ತ ನಿಂತು ಚಿವುಟುವುದು, ಅವನು "ಆ" ಬಿಟ್ಟು ಬೇರೆ ಏನಾದರೂ ಅಂದರೆ ಔಟು. ಹುಡುಗಿ ಮೆಟ್ಟಿಲ ಮೇಲೆ ಕೂತು ಅದನ್ನು ನೋಡುತ್ತಿದ್ದಳು. ನಾನು ಗದರಿಸಿ ಆಟ ಬಿಡಿಸಿದೆ. ಮಲಗಿದ್ದವನ ತೊಡೆಯ ಮೇಲೆ ರಕ್ತ ಹೆಪ್ಪುಗಟ್ಟಿ ಕಂದಿತ್ತು. ಯಾರೋ ಮನಸ್ಸಿಟ್ಟು ಚಿವುಟಿದ್ದರು.

ಸಂಜೆ ಕೋಆರ್ಡಿನೇಟರ್ ಕರೆಸಿದರು. ನನ್ನ ಮೇಜಿನಿಂದ ತರಿಸಿಕೊಂಡ ಹಾಳೆ ಅವರ ಮುಂದೆ ಬಿದ್ದಿತ್ತು.

"ಏನ್ರೀ ಬರೆಸ್ತಿದೀರಾ ನೀವು ಮಕ್ಕಳ ಕೈಲಿ?"

"ಸ್ವಂತ ಅನುಭವ ಬರೆಸಿ ಅಂದಿದ್ರಿ ಮೇಡಂ. ಅದು ಬಂದಿದೆ. ಆ ಮನೇಲಿ ಒಬ್ಬ ಮನುಷ್ಯನಿಗೆ ಹಿಂಸೆ ಆಗ್ತಿದೆ. ಮಗು ದಿನಾ ನೋಡ್ತಿದೆ. ನಾವೇನಾದ್ರೂ ಮಾಡ್ಬೇಕು."

"ಈ ಜಾಗ ಯಾರದು ಗೊತ್ತಲ್ಲ? ಕರಾರು ಮುಗಿಯೋ ವರ್ಷ ಇದು. ಮಗು ಏನೋ ಬರ್ದಿದೆ, ಕಲ್ಪನೆ ಅಂದ್ಕೊಳ್ಳಿ. ಚಿತ್ರಪುಸ್ತಕ ಓದಿಸಿ ಅಂದ್ರೆ ಇದನ್ನ ಓದಿಸ್ಕೊಂಡು ಕೂತಿದೀರಲ್ಲ, ನಿಮಗೂ ಮಕ್ಕಳಿದಾವಲ್ರೀ."

ಮರುದಿನ ಹುಡುಗಿಯ ತಾಯಿ ಬಂದರು. ನನ್ನ ವಯಸ್ಸಿನವರೇ. ರೇಷ್ಮೆಯಂತೆ ಮಿನುಗುವ ಸೀರೆ, ಮೊಣಕೈವರೆಗೂ ಬಳೆ. ಕೂಗಾಡುತ್ತಾರೆ ಎಂದು ನಾನೂ ಕೋಆರ್ಡಿನೇಟರೂ ಕಾದಿದ್ದೆವು. ಅವರು ಸಮಾಧಾನದಿಂದ ಹಾಳೆ ಓದಿದರು.

"ಕಾಗುಣಿತ ಒಂದೂ ತಪ್ಪಿಲ್ಲ," ಎಂದರು.

ಕೋಆರ್ಡಿನೇಟರ್ ಅವಸರದಿಂದ, "ಮಕ್ಕಳಲ್ವಾ ಮೇಡಂ, ಏನೇನೋ ಕಲ್ಪನೆ..." ಎಂದರು.

"ಕಲ್ಪನೆ ಅಂತ ನಾನ್ ಹೇಳ್ತಿಲ್ಲ. ಸ್ಟೇಜ್ ಮೇಲೆ ಬೇಡ ಅಂತಿದೀನಿ." ಆಮೇಲೆ ನನ್ನ ಕಡೆ ತಿರುಗಿದರು. "ಮಿಸ್, ನೀವು ನನ್ನನ್ನ ಹೀಗೆ ನೋಡ್ಬೇಡಿ. ಮಾವ ಹಾಸಿಗೆ ಹಿಡಿಯೋವರ್ಗೂ ಅತ್ತೆ ಎಲ್ಲಾನೂ ನನ್ನ ಮೇಲೆ ತೀರ್ಸ್ಕೋತಿದ್ರು. ಬಸುರಿ ಇದ್ದಾಗ ನನಗೆ ಬಿಸಿನೀರು ಕೊಡ್ತಿರ್ಲಿಲ್ಲ, ಗೀಸರ್ ಸ್ವಿಚ್ ತಮ್ಮ ರೂಮಿನ ಒಳಗೆ ಹಾಕಿಸ್ಕೊಂಡಿದ್ರು. ಮಾವ ಬಿದ್ದ ದಿನದಿಂದ ನನ್ನ ತಂಟೆಗೇ ಬಂದಿಲ್ಲ. ನನಗೆ ನಿದ್ದೆ ಬರ್ತಿದೆ ಈಗ. ಮಾವನಿಗೆ ಆಯಸ್ಸು ಇರ್ಲಿ ಅಂತ ದಿನಾ ದೇವರಿಗೆ ದೀಪ ಹಚ್ತೀನಿ."

ಹಾಳೆಯನ್ನು ಮಡಿಸಿ ಬ್ಯಾಗಿನಲ್ಲಿ ಹಾಕಿಕೊಂಡರು. ಆಮೇಲೆ ಅವರೂ ಕೋಆರ್ಡಿನೇಟರೂ ಕೂಡಿ ಹೊಸದೊಂದನ್ನು ಬರೆದರು. ಅಜ್ಜಿ ತಾತನಿಗೆ ಕೈಯಾರೆ ತುತ್ತು ತಿನ್ನಿಸುವುದು, ಬಾಯಿ ಒರೆಸುವುದು, ರಾತ್ರಿ ಕೌದಿ ಹೊದಿಸುವುದು. "ಕೌದಿ ನಮ್ಮನೇಲಿಲ್ಲ," ಎಂದರು ತಾಯಿ. "ಇರ್ಲಿ ಬಿಡಿ ಮೇಡಂ, ಪುಸ್ತಕದಲ್ಲಿದೆ, ಚೆನ್ನಾಗಿರುತ್ತೆ," ಎಂದರು ಕೋಆರ್ಡಿನೇಟರ್. ನಾನು ಇದನ್ನು ಮಗುವಿನ ಕೈಗೆ ಕೊಡುವುದಿಲ್ಲ ಎಂದೆ. ನೀವು ಕೊಡಬೇಕಾಗಿಲ್ಲ, ನಾವೇ ಕೊಡುತ್ತೇವೆ ಎಂದರು.

ಓದಲು ಆಯ್ಕೆಯಾದ ಮಕ್ಕಳ ಮನೆಗೆ ಹೋಗಿ ಆಮಂತ್ರಣ ಕೊಡುವುದು ಕ್ಲಾಸ್ ಟೀಚರ್ ಆದ ನನ್ನ ಕೆಲಸ. ಅದನ್ನೇ ನೆಪ ಮಾಡಿಕೊಂಡು ನಾನು ಹುಡುಗಿಯ ಜೊತೆ ಅವಳ ಮನೆಗೆ ಹೋದೆ. ಕೆಳಗೆ ಅಂಗಡಿಗಳು, ಮೇಲೆ ಪಿ.ಜಿ., ಅದರ ಮೇಲೆ ಇವರ ಮನೆ. ಲಿಫ್ಟಿನಿಂದ ಹೊರಗೆ ಬಂದರೆ ಗ್ರಾನೈಟ್ ಹಾಸಿದ ವರಾಂಡ. ಅಲ್ಲಿ ಕಬ್ಬಿಣದ ಮಂಚದ ಮೇಲೆ ತಾತ ಮಲಗಿದ್ದರು. ಒಂದು ಕಾಲಕ್ಕೆ ಭಾರೀ ಆಳು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಅಗಲವಾದ ಎದೆ, ದಪ್ಪ ಮಣಿಕಟ್ಟು, ಬಿಳಿ ಹುರಿಮೀಸೆ. ಮೀಸೆಯನ್ನು ಯಾರೋ ಒಂದು ಪಕ್ಕ ಮಾತ್ರ ಕತ್ತರಿಸಿದ್ದರು.

ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಗುಬ್ಬಿಯಂಥ ಮೈ. ಮೂಗಿನ ಎರಡೂ ಹೊಳ್ಳೆಗೆ ಬೇಸರಿ. ನನ್ನನ್ನು ನೋಡಿ ಎದ್ದು, "ಬಾರವ್ವ, ಕೂತ್ಕೊ," ಎಂದು ಅದೇ ಕುರ್ಚಿ ಬಿಟ್ಟುಕೊಟ್ಟು ತಾವು ಮಂಚದ ತುದಿಯಲ್ಲಿ ಕುಳಿತರು. ಅವರು ಕುಳಿತ ಕೂಡಲೇ ತಾತನ ಎಡಗಾಲು ತಾನಾಗಿ ಮುದುರಿಕೊಂಡಿತು.

ಆಮಂತ್ರಣ ಕೊಟ್ಟೆ. ಅಜ್ಜಿ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, ಪಕ್ಕಕ್ಕಿಟ್ಟು, "ಮಗು ಬರೆದಿದ್ದನ್ನ ಸೊಸೆ ಓದಿ ಯೋಳಿದ್ಲು," ಎಂದರು. "ಸರ್ಯಾಗೇ ಬರೆದವ್ಳೆ. ಆದ್ರೆ ಅರ್ಧ ಬರೆದವ್ಳೆ ಕಣವ್ವ. ಅವ್ಳೇನ್ ಮಾಡ್ತಾಳೆ, ಇನ್ನರ್ಧ ಆದಾಗ ಅವ್ಳು ಹುಟ್ಟೇ ಇರ್ಲಿಲ್ಲ."

ಸೆರಗು ಸರಿಸಿ ಎಡಗಿವಿ ತೋರಿಸಿದರು. ಕಿವಿಯ ಹಾಲೆ ಕೆಳಗೆ ಎರಡಾಗಿ ಸೀಳಿ ನೇತಾಡುತ್ತಿತ್ತು.

"ನಮ್ಮವ್ವ ಸತ್ತೋದ್ಲು ಅಂತ ಸುದ್ದಿ ಬಂತು. ಹೊಸಕೋಟೆ ಕಡೆ ನಮ್ಮೂರು. ಹೋಗ್ಬತ್ತೀನಿ ಅಂದೆ. ರಾಗಿ ಕುಯ್ಲು ನಡೀತಾ ಇತ್ತು. ಕುಯ್ಲು ಮುಗಿಸ್ಕೊಂಡು ಹೋಗು, ಅಲ್ಲೀಗಂಟ ಹೆಣ ಎಲ್ಲೂ ಓಡೋಗಲ್ಲ ಅಂದ. ನಾನು ಹೊಸಿಲು ದಾಟ್ದೆ. ವಾಲೆ ಹಿಡ್ಕೊಂಡು ಎಳ್ದ. ವಾಲೆ ಅವ್ನ ಕೈಗೆ ಬಂತು. ನಾನು ಕುಯ್ಲಿಗೆ ಹೋದೆ."

ತಾತನ ಮುಂದೆಯೇ, ತಾತನನ್ನೇ ನೋಡುತ್ತ ಇದನ್ನು ಹೇಳಿದರು. ತಾತ ಛಾವಣಿ ನೋಡುತ್ತಿದ್ದರು. "ಏನೋ, ಸುಳ್ಳಾ ನಾನ್ ಯೋಳ್ತಿರೋದು?" ಎಂದು ಅಜ್ಜಿ ಕೇಳಿದರು. ತಾತ "ಆ" ಎಂದರು. ಹುಡುಗಿ ಬಾಗಿಲಿಗೆ ಒರಗಿ ಬೆರಳು ಕಚ್ಚುತ್ತ ನಿಂತಿದ್ದಳು. ಈ ಕತೆ ಅವಳಿಗೆ ಹೊಸದಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಈಗ ಅವರು ಏನೂ ಮಾಡೋ ಸ್ಥಿತೀಲಿ ಇಲ್ವಲ್ಲ ಅಜ್ಜಿ," ಎಂದೆ.

"ಅದಕ್ಕೇ ಅಲ್ವಾ ಮಾಡ್ತಿರೋದು. ಆಗ ಮಾಡಕ್ಕಾಗ್ತಿತ್ತಾ?"

"ಮಗು ನೋಡ್ತಾಳೆ."

"ನೋಡ್ಲಿ. ಅವ್ನು ನನ್ನ ಬಡಿಯೋದನ್ನ ಇವ್ರಪ್ಪ ನೋಡ್ಕೊಂಡೇ ಬೆಳ್ದಿದ್ದು. ಅವ್ನು ನೋಡಿ ಕಲ್ತಿದ್ದೇನು? ಟಿವಿ ಜೋರಾಗಿ ಹಾಕದು. ಇವ್ಳು ಹೆಣ್ಣು. ನೋಡಿರ್ಲಿ."

ಹಿರಿಯರ ಕಷ್ಟ ವಿಚಾರಿಸುವವರು ಇದ್ದಾರೆ, ನಾನು ಅವರಿಗೆ ಫೋನ್ ಮಾಡುತ್ತೇನೆ ಎಂದು ಹೇಳಿಯೇ ಎದ್ದೆ. ಬೆನ್ನ ಹಿಂದೆ ಮಾಡುವುದು ನನಗೆ ಬೇಕಿರಲಿಲ್ಲ. ಅಜ್ಜಿ ನಕ್ಕರು. ಎಲೆ ಅಡಿಕೆಯ ಕೆಂಪು ಹಲ್ಲಿನ ಸಂದಿಯಲ್ಲೆಲ್ಲ ಕಂಡಿತು.

"ಮಾಡವ್ವ. ಬಂದೋರ್ಗೆ ಕಾಫಿ ಕೊಡ್ತೀನಿ."

ಫೋನ್ ಮಾಡಿದೆ. ಇಬ್ಬರು ಹೆಂಗಸರು ಬಂದು ನೋಡಿಕೊಂಡೂ ಹೋದರು. ಅಲ್ಲಿ ನಡೆದದ್ದನ್ನು ಹುಡುಗಿಯೇ ನನಗೆ ಹೇಳಿದಳು. ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಸಿದ್ದರಂತೆ. ಬಂದವರು ಎಲ್ಲರನ್ನೂ ಮನೆಯೊಳಗೆ ಕಳಿಸಿ ತಾತನ ಹತ್ತಿರ ಕೂತು, "ನಿಮಗೆ ಯಾರಾದ್ರೂ ತೊಂದ್ರೆ ಕೊಡ್ತಿದ್ರೆ ಎಡಗೈ ಎತ್ತಿ ತಾತ," ಎಂದು ಕೇಳಿದರಂತೆ. ಎರಡು ಸಲ, ನಿಧಾನವಾಗಿ. ಹುಡುಗಿ ಕಿಟಕಿಯ ಒಳಗೆ ನಿಂತು ನೋಡುತ್ತಿದ್ದಳು.

"ತಾತ ಕೈ ಎತ್ತಲಿಲ್ಲ ಮಿಸ್."

"ಕೇಳಿದ್ದು ಅರ್ಥ ಆಗಿಲ್ವೇನೋ."

"ಆಯ್ತು. ಕೈನ ಮಂಚದ ಕೆಳಗೆ ಹಾಕ್ಕೊಂಡ."

"ಮತ್ಯಾಕೆ ಎತ್ತಲಿಲ್ಲ?"

ಹುಡುಗಿ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಅಜ್ಜಿ ಹೋದ್ರೆ ತಾತನ್ನ ಯಾರ್ ತೊಳೀತಾರೆ? ಅಪ್ಪ ಹತ್ರಾನೇ ಬರಲ್ಲ, ವಾಸ್ನೆ ಅಂತಾರೆ. ಅಮ್ಮ ಮುಟ್ಟಲ್ಲ. ಕೆಲಸಕ್ಕೆ ಬರೋರು ಎರಡು ದಿನಕ್ಕೆ ಬಿಟ್ಟೋಗ್ತಾರೆ. ಅಜ್ಜಿ ಒಬ್ಳೇ ಮುಟ್ಟೋದು."

ಕಾರ್ಯಕ್ರಮದ ದಿನ ಆಟದ ಬಯಲಿಗೆ ಶಾಮಿಯಾನ ಹಾಕಿಸಿದ್ದರು. ಹಳೇ ಮದ್ರಾಸ್ ರಸ್ತೆಯ ಹಾರ್ನ್ ಸದ್ದು ಮುಚ್ಚಲು ಮೈಕಿನಲ್ಲಿ ವೀಣೆ ಹಾಕಿದ್ದರು. ಬಂದವರಿಗೆಲ್ಲ ಗುಲಾಬಿ ಕೊಟ್ಟು ಕೂರಿಸಿದರು. ಹುಡುಗಿಯ ತಾತನನ್ನು ಗಾಲಿಕುರ್ಚಿಯಲ್ಲಿ ತಂದು ಮುಂದಿನ ಸಾಲಿನಲ್ಲಿ, ಮಧ್ಯದಲ್ಲಿ ನಿಲ್ಲಿಸಿದರು. ಜರಿ ಅಂಚಿನ ಶಾಲು, ತಲೆಗೆ ಪೇಟ, ಕೊರಳಿಗೆ ಹಾರ. ಮೀಸೆಯ ಎರಡೂ ಪಕ್ಕವನ್ನು ಈಗ ಸಮ ಮಾಡಿದ್ದರು. ಅಜ್ಜಿ ಹಸಿರು ರೇಷ್ಮೆ ಸೀರೆಯುಟ್ಟು ಪಕ್ಕದಲ್ಲಿ ಕೂತಿದ್ದರು. ಯಾರು ಬಂದು ಮಾತಾಡಿಸಿದರೂ, "ನಮ್ಮ ಯಜಮಾನ್ರು, ಇವಾಗ ಪರವಾಗಿಲ್ಲ," ಎಂದು ಪರಿಚಯ ಮಾಡಿಕೊಡುತ್ತಿದ್ದರು.

ಸೆಕ್ಯೂರಿಟಿ ತಾತನ ಮೊಮ್ಮಗನ ಪುಟವನ್ನು ಕೊನೆಯ ಗಳಿಗೆಯಲ್ಲಿ ಕೈಬಿಟ್ಟರು. ಕಾರಿನವರು ಬಂದರೆ ಮೊಮ್ಮಗನನ್ನು ಗೂಡಿನ ಹಿಂದೆ ತಳ್ಳುತ್ತಾನೆ ಎಂಬ ಮಾತು ಸರಿಕಾಣಲಿಲ್ಲವಂತೆ. ಆ ತಾತ ಮಾತ್ರ ಆ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಹುಡುಗ ಅವರ ಹತ್ತಿರ ಹೋಗಲಿಲ್ಲ.

ಕೊನೆಯದಾಗಿ ನಮ್ಮ ಹುಡುಗಿ ಸ್ಟೇಜಿಗೆ ಬಂದಳು. ಎರಡು ಜಡೆ, ಮಲ್ಲಿಗೆ. ಹಾಳೆ ಕೈಯಲ್ಲಿದ್ದರೂ ನೋಡಲಿಲ್ಲ. ತರಗತಿಯಲ್ಲಿ ಒಂದೇ ದನಿಯಲ್ಲಿ ಓದಿದ್ದವಳು ಇಲ್ಲಿ ಎಲ್ಲಿ ತಗ್ಗಿಸಬೇಕೋ ತಗ್ಗಿಸಿ, ಎಲ್ಲಿ ನಿಲ್ಲಿಸಬೇಕೋ ನಿಲ್ಲಿಸಿ ಹೇಳಿದಳು.

"ನಮ್ಮ ಅಜ್ಜಿ ತಾತನಿಗೆ ದಿನವೂ ಕೈತುತ್ತು ತಿನ್ನಿಸುತ್ತಾಳೆ. ತುತ್ತು ಬಿಸಿಯಿದ್ದರೆ ತಾನೇ ಊದಿ ಆರಿಸುತ್ತಾಳೆ. ತಾತ ಮಾತಾಡಲಾರ. ಆದರೆ ಅಜ್ಜಿಗೆ ತಾತನ ಮಾತು ಪೂರ್ತಿ ಅರ್ಥವಾಗುತ್ತದೆ."

ಆ ಮಾತಿಗೆ ಸರಿಯಾಗಿ ಗಾಲಿಕುರ್ಚಿಯಿಂದ "ಆ" ಎಂಬ ದನಿ ಬಂತು. ದೊಡ್ಡ ದನಿ. ತಾತನ ಕಣ್ಣಿನಿಂದ ನೀರು ಹರಿದು ಮೀಸೆಗೆ ಇಳಿಯುತ್ತಿತ್ತು. ಶಾಮಿಯಾನದೊಳಗೆ ಎಲ್ಲರ ಎದೆಯೂ ಕರಗಿತು. ಹೆಂಗಸರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಕೋಆರ್ಡಿನೇಟರ್ ನಿಜವಾಗಿಯೂ ಅತ್ತರು. ಹುಡುಗಿಯ ಅಪ್ಪ ಎದ್ದು ನಿಂತು ಮೊಬೈಲಿನಲ್ಲಿ ಒಮ್ಮೆ ಸ್ಟೇಜನ್ನು, ಒಮ್ಮೆ ತನ್ನ ಅಪ್ಪನನ್ನು ಹಿಡಿಯುತ್ತಿದ್ದರು. ಅಜ್ಜಿ ಬಲಗೈಯಿಂದ ಸೆರಗಿನ ತುದಿ ಹಿಡಿದು ಗಂಡನ ಬಾಯಿ ಒರೆಸಿದರು. ಅವರ ಎಡಗೈ ಜರಿ ಶಾಲಿನ ಒಳಗೆ, ತಾತನ ತೊಡೆಯ ಮೇಲಿತ್ತು. ನಾನು ಸ್ಟೇಜಿನ ಪಕ್ಕದಲ್ಲಿ ನಿಂತಿದ್ದೆ, ನನಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಸ್ಟೇಜಿನ ಮೇಲಿದ್ದ ಹುಡುಗಿಗೆ ಇನ್ನೂ ಸ್ಪಷ್ಟವಾಗಿ ಕಂಡಿರಬೇಕು. ಅವಳು ಚಪ್ಪಾಳೆ ಮುಗಿಯುವವರೆಗೂ ಕಾದು, ಮುಂದಿನ ಸಾಲು ಹೇಳಿದಳು. ಕೌದಿಯ ಸಾಲು.

ಅವಳಿಗೇ ಮೊದಲ ಬಹುಮಾನ ಬಂತು. ಕೆಳಗೆ ಇಳಿದು ಬಂದಾಗ, "ಹೇಗನ್ನಿಸ್ತು?" ಎಂದು ಕೇಳಿದೆ.

"ಚೆನ್ನಾಗಿತ್ತು ಮಿಸ್. ಮೊದಲನೇದು ಓದ್ದಾಗ ಎಲ್ರೂ ನಕ್ರು. ಇದಕ್ಕೆ ಅತ್ರು."

ಪರೀಕ್ಷೆಗಳು ಮುಗಿಯುವ ಹೊತ್ತಿಗೆ ತಾತ ತೀರಿಕೊಂಡರು. ಎದೆಯಲ್ಲಿ ಕಫ ಕಟ್ಟಿತ್ತಂತೆ. ಶಾಲೆಯಿಂದ ನಾವು ಕೆಲವರು ಹಾರ ತೆಗೆದುಕೊಂಡು ಹೋದೆವು. ವರಾಂಡದ ತುಂಬ ಜನ. ಅಜ್ಜಿ ಹೆಣದ ಮೇಲೆ ಬಿದ್ದು ಹೊರಳಾಡುತ್ತಿದ್ದರು. ಎದೆ ಎದೆ ಬಡಿದುಕೊಳ್ಳುತ್ತಿದ್ದರು. ಮೂವರು ಹೆಂಗಸರು ಹಿಡಿದರೂ ನಿಲ್ಲುತ್ತಿರಲಿಲ್ಲ. ನನ್ನ ಜೊತೆ ಬಂದಿದ್ದ ಕೋಆರ್ಡಿನೇಟರ್ ಕಿವಿಯಲ್ಲಿ, "ನೋಡಿದ್ರಾ, ಎಷ್ಟು ಪ್ರೀತಿ! ಸುಮ್ನೆ ಏನೇನೋ ಹೇಳ್ತಿದ್ರಿ ನೀವು," ಎಂದರು.

ಅದು ನಾಟಕವಾಗಿರಲಿಲ್ಲ. ನಾನು ಹತ್ತಿರ ಹೋದಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಆ ಹೆಬ್ಬೆರಳಿನ ಉಗುರು ನನ್ನ ಅಂಗೈಗೆ ಒತ್ತಿತು.

"ಬೇಗ ಹೊಂಟೋದ ಕಣವ್ವ," ಎಂದರು. "ಮೋಸ ಮಾಡ್ಬಿಟ್ಟ. ನಂಗಿನ್ನೂ ಬೇಕಾಗಿತ್ತು."

ಸೊಸೆ ಬಾಗಿಲ ಹತ್ತಿರ ಬಂದವರಿಗೆ ನೀರು ಕೊಡುತ್ತಿದ್ದರು. ಅಳುವಿನಿಂದ ಕೆಂಪಾದ ಕಣ್ಣು ಅವರದೂ. ಅವರ ಅಳುವಿನ ಕಾರಣ ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಬೇಸಿಗೆ ರಜೆ ಕಳೆದು ಶಾಲೆ ತೆರೆದ ಮೇಲೆ ಹುಡುಗಿ ಕಾರಿಡಾರಿನಲ್ಲಿ ಸಿಕ್ಕಳು. ಹೇಗಿದ್ದೀಯಾ, ಮನೆಯಲ್ಲಿ ಎಲ್ಲ ಹೇಗಿದ್ದಾರೆ ಎಂದು ಕೇಳಿದೆ.

"ಚೆನ್ನಾಗಿದಾರೆ ಮಿಸ್. ಅಜ್ಜಿ ಈಗ ಅಮ್ಮನ ರೂಮಲ್ಲಿ ಮಲ್ಕೋತಾಳೆ," ಎಂದಳು. "ಗೀಸರ್ ಮತ್ತೆ ಕೆಟ್ಟೋಗಿದೆ. ಅಮ್ಮಂಗೆ ಮಾತ್ರ."

ಅವಳೀಗ ಆರನೇ ತರಗತಿ. ಪ್ರಬಂಧ ಸ್ಪರ್ಧೆ ಎಲ್ಲೇ ಇದ್ದರೂ ಶಾಲೆಯಿಂದ ಅವಳನ್ನೇ ಕಳಿಸುತ್ತಾರೆ. ಒಮ್ಮೆ ಅವಳ ಪ್ರಬಂಧ ನನ್ನ ಕೈಗೆ ತಿದ್ದಲು ಬಂತು. ತಾತನ ಜೊತೆ ಹಲಸೂರು ಕೆರೆಯಲ್ಲಿ ದೋಣಿ ಹತ್ತಿದ್ದು, ತಾತ ಹಾಡು ಹೇಳಿಕೊಟ್ಟದ್ದು. ಲಕ್ವ ಹೊಡೆದ ಮೇಲೆ ಆ ಮನುಷ್ಯ ಮನೆಯ ಹೊರಗೆ ಬಂದದ್ದು ಆ ಕಾರ್ಯಕ್ರಮದ ದಿನ ಒಂದೇ, ಲಕ್ವ ಹೊಡೆಯುವ ಮೊದಲು ಮಗುವನ್ನು ಎತ್ತಿಕೊಂಡವನೂ ಅಲ್ಲ ಎಂದು ನನಗೆ ಅವಳೇ ಹಿಂದೆ ಹೇಳಿದ್ದಳು. ತಿದ್ದಲು ಏನೂ ಇರಲಿಲ್ಲ. ತುಂಬಾ ಒಳ್ಳೆಯ ಬರವಣಿಗೆ.

ಆ ಚಿತ್ರಪುಸ್ತಕಗಳು ನನ್ನ ತರಗತಿಯ ಕಪಾಟಿನಲ್ಲೇ ಇವೆ. ಈ ವರ್ಷವೂ ಓದಿದೆ. ಅಜ್ಜಿ-ತಾತಂದಿರ ಒಳ್ಳೆಯ ವಿಷಯಗಳನ್ನು ಮಾತ್ರ ಬರೆಸಬೇಕೆಂದು ಮೇಲಿನಿಂದ ಈಗ ಸೂಚನೆ ಇದೆ. ನಾನು ಅದನ್ನು ಮಕ್ಕಳಿಗೆ ಹೇಳಿರಲಿಲ್ಲ. ಆದರೂ ಮುಂದಿನ ಬೆಂಚಿನ ಒಬ್ಬ ಪೆನ್ಸಿಲ್ ಚೂಪು ಮಾಡುತ್ತ ಕೇಳಿದ: "ಮಿಸ್, ಕೆಟ್ಟದ್ದು ಆಗಿದ್ರೂ ಬರೀಬಹುದಾ?"

"ಬರಿ," ಎಂದೆ. "ಆದ್ರೆ ಕ್ಲಾಸಲ್ಲಿ ಓದೋದು ಬೇಡ. ನನಗೊಬ್ಳಿಗೇ ತೋರ್ಸು."

ಅವನು ನನ್ನ ಮುಖವನ್ನೇ ನೋಡಿದ. "ಹಂಗಾದ್ರೆ ಬೇಡ ಬಿಡಿ ಮಿಸ್," ಎಂದು ತಲೆ ತಗ್ಗಿಸಿ, ತಮ್ಮ ಅಜ್ಜಿ ಮಾಡುವ ಕೋಡುಬಳೆ ತುಂಬಾ ಗರಿಗರಿ ಎಂದು ಬರೆಯಲು ಶುರು ಮಾಡಿದ.